ಪಟ್ಟಿಯಲ್ಲಿದ್ದ ಅಕ್ಕ

'ಅಕ್ಕ' ಎಂಬ ಹೆಸರಿನ ಮೇಲೆ ಒತ್ತಿದ ಕೂಡಲೇ ಪರದೆಯ ಮೇಲಿದ್ದ ಅಕ್ಕನ ಮುಖ ಪಾಚಿ ಬಣ್ಣಕ್ಕೆ ತಿರುಗಿತು. ತಂಗಿ ಅದನ್ನು ರದ್ದು ಮಾಡಿ ಮತ್ತೊಮ್ಮೆ ಒತ್ತಿದಳು. ಮತ್ತೆ ಪಾಚಿ.

ಬೆಳಿಗ್ಗೆ ಒಂಬತ್ತೂ ಹತ್ತು. ಶವ ಒಯ್ಯುವ ವ್ಯಾನು ಹನ್ನೊಂದಕ್ಕೆ ಬರುವುದಿತ್ತು. ಸ್ಟುಡಿಯೊದ ಮುಂದೆ ಹಾಕಿದ್ದ ಮೂವತ್ತು ಕುರ್ಚಿಗಳಲ್ಲಿ ಆಗಲೇ ಹದಿನೆಂಟು ತುಂಬಿದ್ದವು. ಪೆಟ್ಟಿಗೆಯನ್ನು ಮುಚ್ಚಿಯೇ ತಂದಿದ್ದರು. ಆಸ್ಪತ್ರೆಯ ಹನ್ನೆರಡು ದಿನಗಳಲ್ಲಿ ಅಕ್ಕನ ಮುಖ ಗುರುತು ಸಿಗದಷ್ಟು ಊದಿಕೊಂಡಿತ್ತು. ಬಂದವರಿಗೆ ನೋಡಲು ಸಿಗುವುದು ಫೋಟೊ ಮಾತ್ರ. ಅಕ್ಕನ ಗಂಡ ಬೆಳಿಗ್ಗೆ ಮಹಡಿಯ ಮನೆಯಿಂದ ಇಳಿದು ಬಂದು ತಂಗಿಗೆ ಒಂದೇ ಮಾತು ಹೇಳಿ ಹೋಗಿದ್ದರು: "ನೋಡಮ್ಮ, ಅವಳ ಮುಖ ಅವಳದ್ದೇ ಆಗಿರ್ಲಿ. ಇಲ್ಲಾಂದ್ರೆ ಫೋಟೋನೇ ಬೇಡ."

ಈ ಸ್ಟುಡಿಯೊದಲ್ಲಿ ಫೋಟೊ ತೆಗೆಯುವುದು ತಂಗಿ, ತಿದ್ದುವುದು ಅಕ್ಕ. ಹತ್ತೊಂಬತ್ತು ವರ್ಷಗಳಲ್ಲಿ ಒಂದು ದಿನವೂ ಇದು ಅದಲುಬದಲಾಗಿರಲಿಲ್ಲ. ಈಗ ಪರದೆಯ ಮೇಲಿದ್ದದ್ದು ಮೂರು ತಿಂಗಳ ಹಿಂದೆ ಹೊಸ ಲೆನ್ಸ್ ಪರೀಕ್ಷಿಸಲು ತಂಗಿ ಕಿಟಕಿಯ ಬಳಿ ತೆಗೆದ ಚಿತ್ರ. ಅಕ್ಕನ ಇತ್ತೀಚಿನ ಫೋಟೊ ಬೇರೆ ಇರಲಿಲ್ಲ. ಇದರಲ್ಲೂ ಅರ್ಧ ಮುಖ ಕತ್ತಲಲ್ಲಿತ್ತು. ಪಕ್ಕದಲ್ಲಿ ಅಕ್ಕ ಉಳಿಸಿಟ್ಟ ಪ್ರಿಸೆಟ್‌ಗಳ ಪಟ್ಟಿ. ಒಂದು ಫೋಟೊಗೆ ಹೊಂದಿಸಿದ ಬೆಳಕು, ಬಣ್ಣ, ನೆರಳು, ನುಣುಪಿನ ಅಳತೆಗಳಿಗೆ ಹೆಸರಿಟ್ಟು ಉಳಿಸಿಕೊಂಡರೆ, ಮುಂದಿನ ಫೋಟೊಗೆ ಒಂದೇ ಒತ್ತಿಗೆ ಅವೇ ಅಳತೆಗಳು ಬಂದು ಕೂರುತ್ತವೆ. 'ಟ್ಯೂಬ್‌ಲೈಟ್ ಮದುವೆ', 'ಅಳುವ ಮಗು', 'ಮಧ್ಯಾಹ್ನದ ಬೋಳುತಲೆ', ಹೀಗೆ ಒಟ್ಟು ಅರವತ್ತೆರಡು.

"ಏನಮ್ಮ ಇದು, ನಿಮ್ಮಕ್ಕನ್ನ ಸೌತೇಕಾಯಿ ಮಾಡಿಟ್ಟಿದೀಯ," ಎಂದ ಪಕ್ಕದಂಗಡಿಯ ಟೈಲರ್, ಬಾಗಿಲಲ್ಲಿ ನಿಂತು.

"'ಅಕ್ಕ' ಅಂತ ಇದೆ ನೋಡಿ. ತನ್ನ ಫೋಟೊಗೇ ಮಾಡಿಟ್ಕೊಂಡಿದಾಳೆ ಅಂದ್ಕೊಂಡೆ."

"ತನ್ನನ್ನ ತಾನೇ ಯಾರಾದ್ರೂ ಅಕ್ಕ ಅಂತ ಕರ್ಕೊಳ್ತಾರಾ? ಅದು ತರಕಾರಿ ಅಕ್ಕನ್ದು. ಅಂಗಡಿಯ ಕೆಂಪು ಟಾರ್ಪಾಲಿನ ಕೆಳಗೇ ಫೋಟೊ ತೆಗೆಸ್ಕೊಂಡ್ರಲ್ಲ, ಮುಖ ಎಲ್ಲಾ ಕೆಂಪು. ಆ ಕೆಂಪು ತೆಗಿಯೋಕೆ ಮಾಡಿದ್ದು. ನಿಮ್ಮಕ್ಕನ ಮುಖದಲ್ಲಿ ತೆಗಿಯೋಕೆ ಕೆಂಪು ಎಲ್ಲಿದೆ?"

ಹೊರಗಿನ ಕುರ್ಚಿಯಿಂದ ತರಕಾರಿ ಅಕ್ಕನೇ ಹೇಳಿದರು: "ಐದು ಸಲ ತೆಗೆಸ್ಕೊಂಡೆ. ಐದು ಸಲಾನೂ ತಿದ್ದೋವಾಗ ಬಿಸಿಲಿಗೆ ಬಂದು ತೆಗೆಸ್ಕೊಳ್ಳಿ ಅಂತ ಬೈದ್ಲು ನಿಮ್ಮಕ್ಕ, ಪುಣ್ಯಾತ್ಗಿತ್ತಿ. ನಾನು ಗಲ್ಲಾ ಬಿಟ್ಟು ಏಳ್ತೀನಾ?"

ತಂಗಿಗೆ ನಗು ಬಂತು, ಆ ದಿನ ಮೊದಲ ಸಲ.

ಆಮೇಲೆ ಅವಳು 'ಹೋದವರು' ಎಂಬುದನ್ನು ಒತ್ತಿದಳು. ಅವಸರದಲ್ಲಿ ಬರುವ ಸಾವಿನ ಮನೆಯವರಿಗೆಂದು ಅಕ್ಕ ಮಾಡಿಟ್ಟಿದ್ದು. ಸುಕ್ಕು ಹೋಯಿತು, ಹಿಂಬದಿ ಮಸುಕಾಯಿತು, ಕನ್ನಡಕ ಒತ್ತಿ ಒತ್ತಿ ಮೂಗಿನ ಮೇಲೆ ಬಿದ್ದಿದ್ದ ಎರಡು ಗುಳಿಗಳೂ ಮಾಯವಾದವು. ಟೈಲರ್ ಹೋಗಿ ಭಾವನನ್ನು ಕರೆತಂದ.

ಭಾವ ಬಗ್ಗಿ ನೋಡಿದರು. "ಚೆನ್ನಾಗಿದಾರೆ," ಎಂದರು. "ಯಾರಿವರು?"

"ಇದನ್ನ ಹಾಕಿದ್ರೆ ಎಲ್ರೂ ಹೀಗೇ ಕಾಣ್ತಾರೆ ಭಾವ."

"ಅದಕ್ಕೇ ಬೇಡ ಅಂದಿದ್ದು."

ಗಡಿಯಾರ ಹತ್ತು ದಾಟಿತ್ತು. ಭಾವ ಪಟ್ಟಿಯುದ್ದಕ್ಕೂ ಬೆರಳಾಡಿಸಿ ತೀರಾ ಕೆಳಗಿನ ಹೆಸರಿನ ಮೇಲೆ ನಿಲ್ಲಿಸಿದರು. ಅಲ್ಲಿ 'ತಂಗಿ' ಎಂದಿತ್ತು.

"ಆ ಅಕ್ಕ ನಮ್ಮಕ್ಕ ಅಲ್ಲ ಅಂದ್ಮೇಲೆ ಈ ತಂಗಿ ಇನ್ಯಾವಳೋ."

"ನೀನೇ ಕಣಮ್ಮ. ಅವಳು ಮೊಟ್ಟಮೊದಲು ಮಾಡಿದ್ದೇ ಇದು. ಮೂಗಿನ ಜಗಳ ಮರ್ತೋಯ್ತಾ?"

*

ಹದಿನಾಲ್ಕು ವರ್ಷಗಳ ಹಿಂದೆ ತಂಗಿಗೆ ಗುರುತಿನ ಚೀಟಿಗೆ ಫೋಟೊ ಬೇಕಾಗಿತ್ತು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಟೈಮರ್ ಇಟ್ಟು, ಕಿಟಕಿಯ ಬಳಿ ಕೂತು ತಾನೇ ತೆಗೆದುಕೊಂಡಳು. ಅಕ್ಕ ತಿದ್ದಿದಳು. ತಂಗಿ ಒಪ್ಪಲಿಲ್ಲ. ಹನ್ನೊಂದು ಸಲ ತಿದ್ದಿಸಿದಳು.

"ಮೂಗು ಸ್ವಲ್ಪ ಸಣ್ಣ ಮಾಡೇ."

"ಮೂಗು ಅಪ್ಪಂದು. ಅದಕ್ಕೆ ಕೈ ಹಾಕಲ್ಲ. ಬೆಳಕು ಬೇಕಾದ್ರೆ ಕೇಳು, ಕೊಡ್ತೀನಿ."

"ನಿಂಗೂ ಇದೇ ಮೂಗು, ಅದಕ್ಕೇ ಹೊಟ್ಟೆಕಿಚ್ಚು."

"ಹೂಂ ಕಣೇ. ನಂದಕ್ಕಿಂತ ನಿಂದೇ ದೊಡ್ಡದಾಯ್ತಲ್ಲ ಅಂತ."

ಹನ್ನೊಂದನೆಯದಕ್ಕೆ ತಂಗಿ "ಆಗಲಿ" ಎಂದಳು. ಅವಳು ಮನಸ್ಸು ಬದಲಿಸುವ ಮೊದಲೇ ಅಕ್ಕ ಅಳತೆಗಳಿಗೆ 'ತಂಗಿ' ಎಂದು ಹೆಸರು ಹಾಕಿ ಉಳಿಸಿದಳು. ಮರುದಿನ ಶಾಲೆಯೊಂದರ ಇನ್ನೂರ ನಲವತ್ತು ಮಕ್ಕಳ ಫೋಟೊಗಳು ತಿದ್ದಲು ಬಂದವು, ತಂಗಿ ಅದೇ ಕಿಟಕಿಯ ಬಳಿ ತೆಗೆದಂಥವು. ಎರಡು ದಿನದ ಕೆಲಸ. 'ತಂಗಿ'ಯನ್ನು ಎಲ್ಲಕ್ಕೂ ಒಟ್ಟಿಗೆ ಹಾಕಿ, ಅಲ್ಲಿ ಇಲ್ಲಿ ಸವರಿ, ಅಕ್ಕ ಅಂದೇ ಸಂಜೆ ನಾಲ್ಕಕ್ಕೇ ಎದ್ದಳು.

ಉಳಿದ ಹೊತ್ತಿನಲ್ಲಿ ಅವಳು ಘನವಾದದ್ದೇನೂ ಮಾಡಲಿಲ್ಲ. ಬಸ್ ಡಿಪೊ ಕೆಲಸ ಮುಗಿಸಿ ಬಂದ ಗಂಡನ ಜೊತೆ ಬಾಗಿಲ ಮುಂದಿನ ಬೆಂಚಿನಲ್ಲಿ ಕೂತು ಚಹಾ ಕುಡಿದಳು. ಮಾರನೆಯ ದಿನವೂ ಕುಡಿದಳು. ಪಟ್ಟಿ ಬೆಳೆದಂತೆ ಚಹಾದ ಹೊತ್ತೂ ಬೆಳೆಯಿತು. ಇಷ್ಟು ಬೇಗ ಮುಗಿಯೋದಾದ್ರೆ ಇನ್ನೊಂದು ಅಂಗಡಿ ಹಾಕಬಾರದೇ ಎಂದು ಟೈಲರ್ ಕೇಳಿದ್ದ.

"ಹಾಕಿದ್ರೆ ಹೀಗೆ ಕೂರೋದು ಯಾವಾಗ?" ಎಂದಿದ್ದಳು ಅಕ್ಕ.

*

ತಂಗಿ 'ತಂಗಿ'ಯನ್ನು ಒತ್ತಿದಳು.

ಅದೇ ಕಿಟಕಿ, ಅದೇ ಬೆಳಕು, ಒಂದೇ ಮನೆಯ ಮೈಬಣ್ಣ. ಕತ್ತಲಲ್ಲಿದ್ದ ಕೆನ್ನೆ ಈಚೆಗೆ ಬಂತು. ಸುಕ್ಕು, ಗುಳಿ, ಮೂಗು ಇದ್ದಲ್ಲೇ ಇದ್ದವು. ಟೈಲರ್ ಮೇಜು ಹಾಕಲು ಹೊರಗೆ ನಡೆದ.

"ಇನ್ನೇನಾದ್ರೂ ಸರಿಮಾಡ್ಲಾ ಭಾವ?"

"ಬೇಡ. ಕೈ ತೆಗಿ."

ಹತ್ತೂ ನಲವತ್ತಕ್ಕೆ ಚಿತ್ರ ಚೌಕಟ್ಟಿನೊಳಗೆ ಕೂತು ಪೆಟ್ಟಿಗೆಯ ಮುಂದಿನ ಮೇಜಿಗೆ ಬಂತು. ಎಲ್ಲರಿಗಿಂತ ಮೊದಲು ಎದ್ದು ಬಂದ ತರಕಾರಿ ಅಕ್ಕ ತುಸು ಹೊತ್ತು ನೋಡಿದರು.

"ಇವಳೇ. ಆದ್ರೆ ನಮ್ಮ ಕಡೆ ನೋಡ್ತಾನೇ ಇಲ್ವಲ್ಲ."

ಹೌದು. ಬೆಳಕು ಬಿದ್ದ ಮೇಲೆ ಅದು ಕಾಣುತ್ತಿತ್ತು. ಅಕ್ಕನ ಕಣ್ಣು ಕ್ಯಾಮೆರಾದ ಮೇಲಿರಲಿಲ್ಲ. ಅದರ ಎಡಕ್ಕೆ, ಬಾಗಿಲಲ್ಲಿ ಯಾರನ್ನೋ ಕಂಡಂತೆ ಹೊರಳಿತ್ತು. ತುಟಿಯಲ್ಲಿ ನಗು ಆಗಷ್ಟೇ ಶುರುವಾಗಿತ್ತು.

ಮೊದಲ ಸಾಲಿನ ನಡುವೆ ಕೂತಿದ್ದ ಭಾವ ಎದ್ದು ತಮ್ಮ ಕುರ್ಚಿಯನ್ನು ಎತ್ತಿಕೊಂಡರು. ಮೇಜಿನ ಎಡಗಡೆಗೆ ಒಯ್ದು ಇಟ್ಟು, ಕೂತು, ಚಿತ್ರದ ಕಡೆ ನೋಡಿದರು. ಮತ್ತೆ ಎದ್ದು, ಕುರ್ಚಿಯನ್ನು ಇನ್ನೊಂದು ಅಡಿ ಆಚೆ ಸರಿಸಿಕೊಂಡು, ಕೂತರು.