ಏಳು ತಾತಂದಿರು

ತಾಬುಲ್ದಿ ಎಂದರೆ ನಮ್ಮಲ್ಲಿ ‘ಸಿಕ್ಕಿದವನು’ ಎಂದರ್ಥ. ಕಾದು ಕಾದು ದೇವರು ಕೊಟ್ಟ ಮಗ, ಅದಕ್ಕೇ ಆ ಹೆಸರು ಎಂದು ಅವನ ತಾಯಿ ಕುಲ್ಯಾಶ್ ಹೇಳಿದ್ದಳು. ಹೊಂಬಣ್ಣದ ಕೂದಲು, ನೀಲಿ ಕಣ್ಣು ಇಟ್ಟುಕೊಂಡೂ ಅವನು ಅದನ್ನು ನಂಬಿದ್ದ, ಅಥವಾ ನಂಬಲೇಬೇಕೆಂದು ಹಟ ಹಿಡಿದಿದ್ದ. ಕರಗಂದದ ಕಲ್ಲಿದ್ದಲ ಗಣಿಯಲ್ಲಿ ನಾವು ‘ಬಿಳಿ ಕಜಾಕ’ ಎಂದು ಗೋಳು ಹೊಯ್ದುಕೊಂಡರೆ, ಏಳು ತಲೆಮಾರಿನ ತಾತಂದಿರ ಹೆಸರನ್ನು ಒಂದೇ ಉಸಿರಿಗೆ ಒದರಿ ಬಾಯಿ ಮುಚ್ಚಿಸುತ್ತಿದ್ದ. ಏಳು ಹೆಸರು ಬಾರದವನು ಕಜಾಕನೇ ಅಲ್ಲ. ಕಲಿಸಿದವಳು ತಾಯಿಯೇ.

ಈಚೆಗೆ ಆ ಹೆಸರುಗಳಿಗೆ ಒಂದು ಉಸಿರು ಸಾಲುತ್ತಿರಲಿಲ್ಲ. ಶ್ವಾಸಕೋಶ ಕೆಟ್ಟಿದೆ ಎಂದು ಗಣಿಯ ಆಸ್ಪತ್ರೆ ಒಪ್ಪಿದರೆ ನೆಲದ ಮೇಲಿನ ಕೆಲಸ. ಇಲ್ಲದಿದ್ದರೆ ಮತ್ತೆ ಅದೇ ಪಾತಾಳ, ಅದೇ ದೂಳು. ಪರೀಕ್ಷೆಯ ದಿನ ಕುಲ್ಯಾಶಳೂ ಜೊತೆಗೆ ಬಂದಳು. ನಾನು ಅವರ ಹಿಂದೆ ಸರದಿಯಲ್ಲಿದ್ದೆ.

ಮೊದಲು ನಮ್ಮ ಜೊತೆ ಗಣಿಗೆ ಇಳಿಯುವ ಗೆನ್ನಾಡಿ, ಉಸಿರು ಅಳೆಯುವ ಯಂತ್ರದ ಕೊಳವೆಗೆ ಊದಿದ. ರಷ್ಯನ್ನನಾದ ಅವನಿಗೂ ತಾಬುಲ್ದಿಯದೇ ವಯಸ್ಸು, ಅಷ್ಟೇ ಎತ್ತರ. “ಕೆಟ್ಟಿದೆ. ಇನ್ನು ಗಣಿಗೆ ಇಳೀಬೇಡಿ” ಎಂದಳು ಡಾಕ್ಟರ್ ಮೆರುಯೆರ್ತ್, ಪಟ್ಟಣದಿಂದ ಬಂದ ಕಜಾಕ್ ಹುಡುಗಿ.

ತಾಬುಲ್ದಿಯನ್ನು ನೋಡಿ ಅನುಮಾನಿಸಿದಳು. “ಯಾವ ಜನ ಅಂತ ಹಾಕ್ಲಿ ಅಣ್ಣ?”

ಆ ಪೆದ್ದನಿಗೆ ಸಿಟ್ಟೇ ಬಂತು. ಕೆಮ್ಮುತ್ತ, ನಡುನಡುವೆ ನಿಲ್ಲುತ್ತ ಏಳೂ ಹೆಸರು ಹೇಳಿದ.

“ಅಬ್ಬಾ, ಈಗಿನ ಹುಡುಗ್ರಿಗೆ ಮೂರೂ ಬರಲ್ಲ” ಎಂದು ಖುಷಿಯಾಗಿ ಯಂತ್ರದಲ್ಲಿ ಕಜಾಕ್ ಎಂದು ಒತ್ತಿದಳು.

ಅವನು ಊದಿದ. ಗೆನ್ನಾಡಿಗೆ ಬಂದ ಅಂಕಿಯೇ ಬಂತು. “ಸರಿಯಾಗೇ ಇದೆ” ಎಂದಳು.

“ಅದ್ಹೇಗಮ್ಮಾ?” ಎಂದೆ ನಾನು.

“ಯಂತ್ರದಲ್ಲಿ ಒಂದೊಂದು ಜನಾಂಗಕ್ಕೆ ಒಂದೊಂದು ಅಳತೆ ಇದೆ. ಚೆನ್ನಾಗಿರೋ ಯುರೋಪಿನೋರು ಇನ್ನೂ ಜಾಸ್ತಿ ಊದ್ತಾರೆ. ಗೆನ್ನಾಡಿಗೆ ಇದು ಸಾಲ್ದು. ನಮ್ಮೋರಿಗೆ ಇಷ್ಟು ಸಾಕು.”

ಕುಲ್ಯಾಶ್ ಎದ್ದು ನಿಂತಳು. “ಮಗಳೇ, ಇವ್ನು ನನ್ನ ಮಗ ಅಲ್ಲ. ಜರ್ಮನರ ಕೂಸು. ಯುದ್ಧದ ಕಾಲದಲ್ಲಿ ಇಲ್ಲಿಗೆ ಗಡೀಪಾರಾಗಿ ಬಂದಿದ್ದ ಹೆಂಗಸು ರೈಲುಹಳಿ ಪಕ್ಕ ಹಿಮದಲ್ಲಿ ಸತ್ತುಬಿದ್ದಿದ್ಲು. ಎದೆ ಮೇಲೆ ಇವ್ನಿದ್ದ. ಇವ್ನಿಗೆ ಆ ಅಳತೆ ಹಾಕು.”

ಡಾಕ್ಟರ್ ನಕ್ಕಳು. “ಮೇಲಿನ ಕೆಲಸದ ಆಸೆಗೆ ಹೆತ್ತ ಮಗನ್ನೇ ಇಲ್ಲ ಅಂತೀರಲ್ಲ ಅಜ್ಜೀ, ನಾಚ್ಕೆ ಆಗಲ್ವಾ? ಹಾಗಾದ್ರೆ ಆ ಏಳು ತಾತಂದಿರು?”

“ನನ್ನ ಗಂಡನ ಕಡೆಯೋರು. ನಾನೇ ಬಾಯಿಪಾಠ ಮಾಡ್ಸಿದ್ದು.”

“ಸಾಕು ನಡೀರಿ. ಮುಂದಿನೋರು ಬನ್ನಿ.”

ಕುಲ್ಯಾಶ್ ಬದುಕಿಡೀ ಹೇಳಿದ ಸುಳ್ಳನ್ನು ಊರೇ ನಂಬಿತ್ತು. ನಿಜ ಹೇಳಿದ ದಿನ ಛೀಮಾರಿ. ನನಗೆ ಆ ಯಂತ್ರವನ್ನು ಎತ್ತಿ ಕುಕ್ಕಬೇಕೆನಿಸಿತು.

ಹೊರಗೆ ತಾಬುಲ್ದಿ ಗೋಡೆ ಹಿಡಿದು ನಿಂತ. “ನಿಜವೇನಮ್ಮಾ?”

“ನಿನ್ನ ಉಸಿರು ಉಳೀಲಿ ಅಂತ ಹೇಳ್ದೆ ಕಣೋ.”

“ನಿಜವಾ ಅಂತ ಕೇಳ್ದೆ.”

ಅವಳು ತಲೆ ತಗ್ಗಿಸಿದಳು.

“ಹಾಗಾದ್ರೆ ನಾನು ಸತ್ತಾಗ ಅಪ್ಪನ ಹೆಸ್ರು, ಆ ತಾತಂದಿರ ಹೆಸ್ರು ಎತ್ತಬೇಡ. ಕದ್ದ ಹೆಸ್ರು ಹೊತ್ಕೊಂಡು ಮಣ್ಣಿಗೆ ಹೋಗಲ್ಲ ನಾನು.” ಅವಳು ಚಾಚಿದ ಕೈಯನ್ನು ಅವನು ಹಿಡಿಯಲಿಲ್ಲ.

ಮಾರನೆಯ ದಿನ ಗಣಿಗೆ ಇಳಿದ. ಹಿಮ ಕರಗುವ ಮೊದಲೇ, ಯಂತ್ರದ ಪ್ರಕಾರ ಆರೋಗ್ಯವಾಗಿಯೇ, ಸತ್ತ.

ಹೆಣ ಎತ್ತುವಾಗ, ಪ್ರಾರ್ಥನೆಯಲ್ಲಿ ಅಪ್ಪನ ಹೆಸರು ಹೇಳಲೆಂದು ಮುಲ್ಲಾ ಕೇಳಿದರು: “ಯಾರ ಮಗ?”

ನಾವೆಲ್ಲ ಕುಲ್ಯಾಶಳ ಕಡೆ ನೋಡಿದೆವು. ಅವಳು ತಲೆವಸ್ತ್ರದ ಸೆರಗನ್ನು ಬಾಯಿಗೆ ತುರುಕಿಕೊಂಡಳು.