ಬದುಕಿದ್ದ ಹೆಡ್‌ಮಾಸ್ಟರೂ ಟಿವಿಯ ಗುಡುಗಪ್ಪನೂ

ಟಿವಿಯ ಒಂದು ಧಾರಾವಾಹಿಯಲ್ಲಿ ದಿನಾ ಸಂಜೆ ಏಳೂವರೆಗೆ ಗುಡುಗಪ್ಪ ಎಂಬ ಸಂಪಾದಕ ಬರುತ್ತಾನೆ. ನೀವು ನೋಡಿರದಿದ್ದರೆ ತೊಂದರೆಯಿಲ್ಲ, ಆದರೆ ನನ್ನ ಅಮ್ಮನ ಎದುರು ಅದನ್ನು ಒಪ್ಪಿಕೊಳ್ಳಬೇಡಿ. ಮೊಣಕೈವರೆಗೆ ಮಡಚಿದ ಅಂಗಿ, ಕಿವಿಯ ಮೇಲೆ ಕೆಂಪು ಪೆನ್ನು, ಬಾಯಿ ತೆರೆದರೆ ಬೈಗುಳ. ಆ ಬೈಗುಳಗಳನ್ನು ಬರೆಯುತ್ತಿದ್ದವಳು ನಾನು. ಬರೆಯುತ್ತಿದ್ದೆ ಎನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಕದಿಯುತ್ತಿದ್ದೆ.

ಹಗಲು ಹೊತ್ತು ನನಗೆ ಒಂದು ಪತ್ರಿಕೆಯಲ್ಲಿ ಕೆಲಸ. ಅಲ್ಲಿಯ ಸಂಪಾದಕರಿಗೆ ನಾವು ಇಟ್ಟಿದ್ದ ಹೆಸರು ಕೆಂಡ. ಮುಟ್ಟಿದವರನ್ನೂ ಸುಡುತ್ತಿದ್ದರು, ದೂರ ನಿಂತವರನ್ನೂ ಬಿಡುತ್ತಿರಲಿಲ್ಲ. ಬೆಳಿಗ್ಗೆ ಅವರು ಯಾರಿಗಾದರೂ ಬೈದದ್ದನ್ನು ಮಧ್ಯಾಹ್ನ ಬಾತ್‌ರೂಮಿನಲ್ಲಿ ನಿಂತು ಬರೆದುಕೊಳ್ಳುತ್ತಿದ್ದೆ. ಎರಡು ವಾರ ಕಳೆಯುವಷ್ಟರಲ್ಲಿ ಅದು ಗುಡುಗಪ್ಪನ ಬಾಯಲ್ಲಿ ಇರುತ್ತಿತ್ತು. ಅತ್ತೆಯ ಧನವನ್ನು ಅಳಿಯ ದಾನ ಮಾಡಿದ ಹಾಗೆ, ಕೆಂಡದ ಬಾಯಿ, ನನ್ನ ಕೀರ್ತಿ. ಕೀರ್ತಿಯೂ ನನ್ನದಲ್ಲ, ಸುಳ್ಳು ಹೆಸರಿನಲ್ಲಿ ಬರೆಯುತ್ತಿದ್ದೆ. ಗೊತ್ತಾದರೆ ಕೆಲಸ ಹೋಗುತ್ತಿತ್ತು. ಅಮ್ಮನಿಗೂ ಹೇಳಿರಲಿಲ್ಲ. ಅವಳು ಬಟ್ಟೆ ಹೊಲಿಯುವವಳು, ಅಳತೆ ಕೊಡಲು ಬಂದವರಿಗೆಲ್ಲ ಸುದ್ದಿಯನ್ನೂ ಅಳೆದು ಕೊಡುತ್ತಾಳೆ.

ಕದಿಯಲು ನನಗೆ ಒಂದು ಚೂರೂ ನಾಚಿಕೆ ಇರಲಿಲ್ಲ. ಯಾಕೆಂದರೆ ಕೆಂಡ ನನ್ನಿಂದ ಕದ್ದದ್ದು ಇದಕ್ಕಿಂತ ದೊಡ್ಡದು.

ಎರಡು ವರ್ಷದ ಹಿಂದೆ ನಾನು ವರದಿಗಾರ್ತಿಯಾಗಿದ್ದೆ. ಒಂದು ಸಂಜೆ ಊರಿನವರೆಲ್ಲ ಗೌರವಿಸುವ ನಿವೃತ್ತ ಹೆಡ್‌ಮಾಸ್ಟರೊಬ್ಬರು ಆಸ್ಪತ್ರೆ ಸೇರಿದರು. ಸ್ಥಿತಿ ಗಂಭೀರ ಎಂದು ಬರೆದುಕೊಟ್ಟೆ. ಪತ್ರಿಕೆಯವರದು ಒಂದು ಅಭ್ಯಾಸವಿದೆ. ವಯಸ್ಸಾದ ದೊಡ್ಡವರ ನಿಧನವಾರ್ತೆಯನ್ನು ಮೊದಲೇ ಬರೆದು, ದಿನಾಂಕದ ಜಾಗ ಖಾಲಿ ಬಿಟ್ಟು ಕಪಾಟಿನಲ್ಲಿ ಇಟ್ಟಿರುತ್ತೇವೆ. ಹೆಡ್‌ಮಾಸ್ಟರದೂ ಇತ್ತು, ಚೆಂದದ ಫೋಟೋ ಸಮೇತ. ಕೆಂಡ ಗಡಿಯಾರ ನೋಡಿದರು. ಎದುರಾಳಿ ಪತ್ರಿಕೆಯವರು ಮೊದಲು ಹಾಕಿಬಿಟ್ಟರೆ ಎಂಬ ಹೆದರಿಕೆ ಅವರಿಗೆ. ಪೇಪರ್ ಮನೆ ತಲುಪುವಷ್ಟರಲ್ಲಿ ಹೇಗೂ ಹೋಗಿರುತ್ತಾರೆ ಎಂದು ಹೇಳಿ, ನಾನು ಬೇಡ ಬೇಡ ಎನ್ನುತ್ತಿದ್ದಂತೆ, ನನ್ನ ವರದಿಯನ್ನು ಪಕ್ಕಕ್ಕೆ ಸರಿಸಿ ಕಪಾಟು ತೆರೆದರು.

ಹೆಡ್‌ಮಾಸ್ಟರು ಹೋಗಲಿಲ್ಲ. ಹನ್ನೊಂದನೆಯ ದಿನ ಊರುಗೋಲು ಹಿಡಿದು, ಕಂಕುಳಲ್ಲಿ ಪತ್ರಿಕೆ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದರು. ತಾನು ಸತ್ತ ವಿಷಯಕ್ಕೆ ಯಾರನ್ನು ಕಾಣಬೇಕು ಎಂದು ಬಾಗಿಲ ಹತ್ತಿರ ಕೇಳಿದರು. ಫೋಟೋ ಚೆನ್ನಾಗಿ ಬಂದಿದೆ, ಒಂದು ಪ್ರತಿ ಸಿಗಬಹುದೇ ಎಂದೂ ಕೇಳಿದರು. ಮರುದಿನ ಪತ್ರಿಕೆಯಲ್ಲಿ ತಿದ್ದುಪಡಿ ಬಂತು. ‘ವರದಿಗಾರ್ತಿಯ ಅಚಾತುರ್ಯದಿಂದ’ ಎಂದು ಅದರಲ್ಲಿತ್ತು. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ನನ್ನನ್ನು ಹೊರಗಿನ ಓಡಾಟದಿಂದ ತೆಗೆದು ಮೂಲೆಯ ಮೇಜಿಗೆ ಹಾಕಿದರು. ನಾಳೆಯ ಹವಾಮಾನ, ಕರೆಂಟು ಹೋಗುವ ಬಡಾವಣೆಗಳ ಪಟ್ಟಿ, ಪದಬಂಧದ ಉತ್ತರ, ಇಷ್ಟು ನನ್ನ ಸಾಮ್ರಾಜ್ಯ. ಆಫೀಸಿನಲ್ಲಿ ನನಗೆ ಯಮದೂತೆ ಎಂದು ಹೆಸರಾಯಿತು. ಅದನ್ನು ನಕ್ಕು ತಡೆದುಕೊಂಡೆ. ಎದುರುಮನೆಯಾಕೆ ಅಳತೆ ಕೊಡುತ್ತಾ, ಬದುಕಿದ್ದವರನ್ನು ಸಾಯಿಸಿದ್ದು ನಿಮ್ಮ ಮಗಳೇ ಅಲ್ಲವೇ ಎಂದು ಅಮ್ಮನನ್ನು ಕೇಳಿದಳಂತೆ. ಅಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಅಳತೆ ಮುಗಿಸಿದಳು. ಅವತ್ತಿನಿಂದ ಮನೆಗೆ ನಮ್ಮ ಪತ್ರಿಕೆ ತರಿಸುವುದು ನಿಂತಿತು. ಅದನ್ನು ಮಾತ್ರ ನನಗೆ ತಡೆದುಕೊಳ್ಳಲಾಗಲಿಲ್ಲ. ನನಗೆ ನನ್ನ ಹೆಸರು ವಾಪಸು ಬೇಕಿತ್ತು, ಕೇಳುವ ಧೈರ್ಯ ಇರಲಿಲ್ಲ. ಅದಕ್ಕೇ ಧಾರಾವಾಹಿಗೆ ಬರೆಯಲು ಹಿಡಿದೆ.

ಹೆಡ್‌ಮಾಸ್ಟರ ಪ್ರಸಂಗವನ್ನು ಮೂರು ಸಲ ಬರೆದೆ. ಗುಡುಗಪ್ಪ ಆತುರಪಟ್ಟು ಬದುಕಿದ್ದವರನ್ನು ಸಾಯಿಸುತ್ತಾನೆ, ತಪ್ಪನ್ನು ಹುಡುಗಿಯೊಬ್ಬಳ ತಲೆಗೆ ಕಟ್ಟುತ್ತಾನೆ, ಕೊನೆಗೆ ಕ್ಷಮೆ ಕೇಳುತ್ತಾನೆ. ಮೂರು ಸಲವೂ ನಿರ್ದೇಶಕ ಹರಿದುಹಾಕಿದ. ಬೈಯುವುದು ಎಷ್ಟಾದರೂ ಬೈಯಲಿ, ಆದರೆ ಒಳಗೆ ಚಿನ್ನ ಇರಬೇಕು ಎಂದು ಅವನ ವಾದ. ಜನ ಗುಡುಗಪ್ಪನನ್ನು ದೇವರು ಮಾಡಿಕೊಂಡಿದ್ದಾರೆ, ದೇವರು ತಪ್ಪು ಮಾಡಿದರೆ ಜನ ನಂಬುವುದಿಲ್ಲ, ಜಾಹೀರಾತೂ ಬರುವುದಿಲ್ಲ ಎಂದ. ಆ ಜನರಲ್ಲಿ ಮೊದಲನೆಯವಳು ನನ್ನ ಅಮ್ಮ. ಗುಡುಗಪ್ಪನ ಕಾಲಧೂಳಿಯನ್ನಾದರೂ ನಿಮ್ಮ ಕೆಂಡಕ್ಕೆ ಹಚ್ಚಬೇಕು ಎಂದು ದಿನಾ ಹೇಳುತ್ತಿದ್ದಳು. ನಾನು ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನಂತೆ ಕೂತಿರುತ್ತಿದ್ದೆ.

ಈ ನಡುವೆ ಆಫೀಸಿನಲ್ಲಿ ಒಂದು ಎಡವಟ್ಟಾಯಿತು. ಕೆಂಡ ಬೈದರೆ ಜನ ನಗತೊಡಗಿದರು. ಬೈಗುಳ ಟಿವಿಯಲ್ಲಿ ಬಂದದ್ದೇ ಆಗಿರುತ್ತಿತ್ತು, ಮುಂದಿನ ಸಾಲು ಎಲ್ಲರಿಗೂ ಬಾಯಿಪಾಠ. ಒಮ್ಮೆ ಪುಟ ಕಟ್ಟುವವನು ಕೆಂಡದ ಮಾತನ್ನು ತಾನೇ ಪೂರ್ತಿ ಮಾಡಿಬಿಟ್ಟ. ಕೆಂಡ ಕೈ ಎತ್ತಿದವರು ಎತ್ತಿದಂತೆಯೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದು ವಾರ ಯಾರಿಗೂ ಬೈಯಲಿಲ್ಲ. ಆ ವಾರ ಪತ್ರಿಕೆಯಲ್ಲಿ ಮೇಯರ್ ಫೋಟೋದ ಕೆಳಗೆ ತಪ್ಪಿಸಿಕೊಂಡ ಹಸುವಿನ ವಿವರ ಅಚ್ಚಾಯಿತು. ಹಸುವಿನ ಯಜಮಾನ ಬೇಜಾರು ಮಾಡಿಕೊಂಡ.

ಆಮೇಲೆ ಕೆಂಡ ನಮ್ಮ ಆರು ಜನರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು, ಬಾಗಿಲು ಹಾಕಿ ಬೈದರು. ನಾನು ಬರೆದುಕೊಟ್ಟಿದ್ದು ‘ನಾಳೆ ಮೋಡ ಕವಿದ ವಾತಾವರಣ’ ಎಂಬ ನಾಲ್ಕೇ ಪದ. ಅದನ್ನು ಎತ್ತಿ ಹಿಡಿದು ಕೆಂಡ ಹೇಳಿದರು:

“ಈ ನಿನ್ನ ವಾಕ್ಯ ಇದ್ಯಲ್ಲ, ಬಸ್ಸಲ್ಲಿ ತನ್ನ ಸ್ಟಾಪು ದಾಟಿ ಹೋದವನ ಥರ ಇದೆ. ಕೂರೋದಕ್ಕೂ ಆಗ್ತಿಲ್ಲ, ಇಳಿಯೋದಕ್ಕೂ ಆಗ್ತಿಲ್ಲ.”

ನಾಲ್ಕು ಪದದ ವಾಕ್ಯ ಯಾವ ಸ್ಟಾಪು ದಾಟೀತು ಎಂದು ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಆನಂದ. ಇಂಥ ಮಾಲು ಸಿಕ್ಕು ತಿಂಗಳಾಗಿತ್ತು. ನೇರ ಬಾತ್‌ರೂಮಿಗೆ ಓಡಿದೆ.

ಎರಡು ವಾರದ ಮೇಲೆ ಗುಡುಗಪ್ಪ ಅದನ್ನು ಹೇಳಿದ. ಆ ನಟ ಸೆಟ್ಟಿನಲ್ಲಿ ನೀರು ಬೇಕಾದರೂ ಕ್ಷಮಿಸಿ ಎಂದು ಕೇಳುವಷ್ಟು ಸಾಧು, ಆದರೆ ಕ್ಯಾಮೆರಾ ಎದುರು ನಿಂತರೆ ಗೋಡೆ ಅದುರಬೇಕು. ಅಮ್ಮ ಹೊಲಿಗೆ ನಿಲ್ಲಿಸಿ ಬಿದ್ದು ಬಿದ್ದು ನಕ್ಕಳು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಕೆಂಡ ನನ್ನನ್ನು ಕರೆದರು. ಮೇಜಿನ ಮೇಲೆ ಒಂದು ಹಾಳೆ ಇತ್ತು. ಅದರಲ್ಲಿ ಆರು ಜನರ ಹೆಸರು, ಪ್ರತಿ ಹೆಸರಿನ ಮುಂದೆ ಬೇರೆ ಬೇರೆ ಬೈಗುಳ. ಸುದ್ದಿ ಕದಿಯುವವರನ್ನು ಹಿಡಿಯಲು ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಸುದ್ದಿ ಕೊಡುವುದು ನಮ್ಮ ಕಸುಬಿನ ಹಳೆಯ ಉಪಾಯ. ಬಸ್ಸು ನನ್ನ ಹೆಸರಿನ ಮುಂದೆ ನಿಂತಿತ್ತು. ಕುಂಬಳಕಾಯಿ ಕಳ್ಳ ಎಂದು ಅವರು ಹೇಳುವ ಮೊದಲೇ ನಾನು ಹೆಗಲು ಮುಟ್ಟಿ ನೋಡಿಕೊಂಡೆ. ರಾಜೀನಾಮೆ ಬರೆದುಕೊಡುತ್ತೇನೆ ಎಂದೆ.

ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. ಕನ್ನಡಕ ತೆಗೆದು ಒರೆಸಿದರು.

“ಎಲ್ಲಾ ಬರೆದೆ ನೀನು. ಹೆಡ್‌ಮಾಸ್ಟರ ವಿಷಯ ಯಾಕೆ ಬರೀಲಿಲ್ಲ? ನಾಲ್ಕು ತಿಂಗಳಿಂದ ದಿನಾ ಏಳೂವರೆಗೆ ಜೀವ ಕೈಯಲ್ಲಿ ಹಿಡ್ಕೊಂಡು ಕೂರ್ತೀನಿ, ಇವತ್ತು ಬರತ್ತೆ ಅಂತ.”

“ಮೂರು ಸಲ ಬರೆದೆ ಸರ್. ಅಂಥಾ ಮನುಷ್ಯ ಹಾಗೆ ಮಾಡ್ತಾನೆ ಅಂದ್ರೆ ಜನ ನಂಬಲ್ಲ ಅಂತ ತೆಗೆದ್ರು.”

ಕೆಂಡ ಏನಾದರೂ ಎಸೆಯುತ್ತಾರೆ ಎಂದುಕೊಂಡೆ. ಎಸೆಯಲಿಲ್ಲ. ನಂಬಲ್ಲ ಅಂದ್ರಾ ಎಂದು ಎರಡು ಸಲ ತಮಗೆ ತಾವೇ ಹೇಳಿಕೊಂಡು ಕಿಟಕಿಯ ಕಡೆ ತಿರುಗಿದರು. ನನಗೆ ಅವರನ್ನು ನೋಡಿ ಪಾಪ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ಕೊನೆಗೆ ಅವರು, ಧಾರಾವಾಹಿಯೋ ಪತ್ರಿಕೆಯೋ ಒಂದನ್ನು ಆರಿಸಿಕೋ, ಸಂಜೆಯೊಳಗೆ ಹೇಳು ಎಂದರು. ಸಂಜೆವರೆಗೆ ಕಾದರೆ ನನ್ನ ಧೈರ್ಯ ಆರಿಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಧಾರಾವಾಹಿ ಬಿಡುತ್ತೇನೆ, ಆದರೆ ಆ ತಿದ್ದುಪಡಿಗೆ ಒಂದು ತಿದ್ದುಪಡಿ ಬರಬೇಕು ಎಂದೆ. 

ಅವರು ಒಂದು ಹಾಳೆ ಎಳೆದುಕೊಂಡು ಏನೋ ಬರೆದು ನನ್ನ ಕಡೆ ತಳ್ಳಿದರು. ಎರಡು ವರ್ಷದ ಹಿಂದಿನ ವರದಿಯೊಂದರಲ್ಲಿ ಕಣ್ತಪ್ಪಿನಿಂದ ತಪ್ಪು ನುಸುಳಿದ್ದು, ಅದಕ್ಕೆ ಪತ್ರಿಕೆ ವಿಷಾದಿಸುತ್ತದೆ ಎಂದಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನಗೆ ಪಿತ್ತ ನೆತ್ತಿಗೇರಿತು. ಅವರದೇ ಕೆಂಪು ಪೆನ್ನು ತೆಗೆದುಕೊಂಡು ಹಾಳೆಯ ಉದ್ದಕ್ಕೂ ಗೀಟು ಹೊಡೆದೆ.

“ನುಸುಳೋದಕ್ಕೆ ತಪ್ಪೇನು ಇಲೀನಾ ಸರ್? ಕಪಾಟು ತೆಗೆದಿದ್ದು ಯಾರು? ಬೇಡ ಅಂದಿದ್ದು ಯಾರು? ಓದುಗರಿಗೆ ಅದು ಬೇಕು. ವಿಷಾದ ಯಾರಿಗೆ ಬೇಕು?”

ಹೊರಗೆ ಕೀಬೋರ್ಡುಗಳ ಸದ್ದು ನಿಂತಿತ್ತು. ಎರಡು ವರ್ಷ ಹವಾಮಾನ ಬರೆದವಳ ಗಂಟಲು ಅಷ್ಟು ದೂರ ಹೋಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಕೆಂಡ ನನ್ನನ್ನು ಒಂದು ಗಳಿಗೆ ನೋಡಿ, ಬೇರೆ ಹಾಳೆ ತೆಗೆದುಕೊಂಡರು.

ಮರುದಿನ ಪತ್ರಿಕೆಯನ್ನು ಅಂಗಡಿಯಿಂದ ಕೊಂಡು ತಂದು ಅಮ್ಮನ ಹೊಲಿಗೆ ಯಂತ್ರದ ಮೇಲೆ ಇಟ್ಟೆ. ಮೊದಲ ಪುಟದಲ್ಲಿ ಇತ್ತು. ‘ಎರಡು ವರ್ಷದ ಹಿಂದೆ ಬದುಕಿದ್ದ ಹೆಡ್‌ಮಾಸ್ಟರು ನಿಧನರಾದರೆಂದು ಅಚ್ಚು ಹಾಕಿಸಿದವನು ನಾನು. ವರದಿಗಾರ್ತಿ ಬೇಡ ಎಂದಿದ್ದರು. ಅವರು ಬರೆದದ್ದು ಸರಿಯಾಗಿತ್ತು. ತಪ್ಪು ಅವರದೆಂದು ಬರೆದದ್ದು ನನ್ನ ಹೇಡಿತನ. – ಸಂಪಾದಕ.’

ಅಮ್ಮ ಮನಸ್ಸಿನಲ್ಲೇ ಒಮ್ಮೆ, ಗಟ್ಟಿಯಾಗಿ ಒಮ್ಮೆ ಓದಿದಳು. ಆಮೇಲೆ ಚಪ್ಪಲಿ ಮೆಟ್ಟಿ, ಪತ್ರಿಕೆ ಹಿಡಿದು ಹೊರಟಳು. ಎದುರುಮನೆ ಹತ್ತೇ ಹೆಜ್ಜೆ. ಅವಳು ಬಂದದ್ದು ಒಂದೂವರೆ ಗಂಟೆಯ ಮೇಲೆ, ಮೂರು ಬೀದಿ ಮುಗಿಸಿಕೊಂಡು. ಪತ್ರಿಕೆ ಕೈಯಿಂದ ಕೈಗೆ ಹೋಗಿ ಬಟ್ಟೆಯಷ್ಟು ಮೆತ್ತಗಾಗಿತ್ತು. ಕೆಂಡ ನನ್ನನ್ನು ಮತ್ತೆ ವರದಿಗೆ ಹಾಕಿದ್ದರು, ಹೊರಡಲು ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ, ತಡವಾಗಿತ್ತು, ಕೆಂಡ ಚರ್ಮ ಸುಲಿಯುವುದು ಖಂಡಿತ.

“ನಿಮ್ಮ ಕೆಂಡ ಪರವಾಗಿಲ್ಲ ಕಣೆ,” ಎಂದಳು. “ಆ ಗುಡುಗಪ್ಪ ಇಷ್ಟು ದಿನದಲ್ಲಿ ಒಂದು ಸಲನಾದ್ರೂ ಯಾರ ಹತ್ರನಾದ್ರೂ ತಪ್ಪಾಯ್ತು ಅಂದಿದ್ದಾನಾ?”

ಇಲ್ಲಮ್ಮ ಎಂದೆ. ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಅಮ್ಮ ಸೆರಗಿನಿಂದ ನನ್ನ ಮುಖ ಒರೆಸಿ, ನಾಳೆಯಿಂದ ಪೇಪರ್ ಹಾಕಲು ಹೇಳಿ ಬಂದಿದ್ದೇನೆ, ನೀನು ಈಗ ಕೆಲಸಕ್ಕೆ ಹೋಗು ಎಂದಳು.