ಪಂಪ್‌ಹೌಸಿನ ಹಿಂದಿನ ನೀರು

ಸರೋವರದ ದಂಡೆಯ ಆ ದೊಡ್ಡ ಹೋಟೆಲಿನಲ್ಲಿ ರಿಸೆಪ್ಷನ್ ಕೌಂಟರಿನ ಹಿಂದೆ ನಿಲ್ಲುವವನನ್ನು ಜೊತೆಯವರೆಲ್ಲ 'ನಕ್ಷೆ' ಎಂದೇ ಕರೆಯುತ್ತಿದ್ದರು. ಬೀಗದಕೈ ಕೊಡುವುದು, ಬಿಸಿನೀರು ಬರುತ್ತಿಲ್ಲವೆಂಬ ದೂರು ಬರೆದುಕೊಳ್ಳುವುದು ಅವನ ಕೆಲಸ. ಆದರೆ ಹೆಸರು ಬಂದದ್ದು ಬೇರೆ ಕಾರಣಕ್ಕೆ. ರಜೆಯ ತಿಂಗಳುಗಳಲ್ಲಿ ಸರೋವರದ ಮುಂಭಾಗದ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಆ ಗದ್ದಲಕ್ಕೆ ರೋಸಿಹೋದ ಯಾರಾದರೂ ಬಂದು, "ಇಲ್ಲೆಲ್ಲಾದ್ರೂ ನೆಮ್ಮದಿಯಾಗಿ ಕೂತ್ಕೊಳ್ಳೋ ಜಾಗ ಇದೆಯೇನ್ರೀ?" ಎಂದರೆ ಸಾಕು, ಅವನ ಪೆನ್ಸಿಲ್ಲು ಕೈಗೆ ಬರುತ್ತಿತ್ತು. ಹಳೆಯ ಬಿಲ್ಲಿನ ಬೆನ್ನಿಗೆ ದಾರಿ, ತಿರುವು, ಮರ, ಎಲ್ಲವನ್ನೂ ಗೀಚಿ ಕೊಡುತ್ತಿದ್ದ. "ಯಾರಿಗೂ ಹೇಳ್ಬೇಡಿ ಮತ್ತೆ" ಎಂದು ಎಲ್ಲರಿಗೂ ಹೇಳುತ್ತಿದ್ದ.

ಹೀಗೆ ಹೇಳಿ ಹೇಳಿಯೇ ಅವನ ಜಾಗಗಳು ಒಂದೊಂದಾಗಿ ಕೆಟ್ಟವು. ಮುರಿದ ದೋಣಿಕಟ್ಟೆಯ ಬಳಿ ಜೋಳದ ಗಾಡಿ ಬಂತು. ಹುಣಸೆಮರದ ಕೆಳಗೆ ಬಾಡಿಗೆ ಕುರ್ಚಿಗಳು ಬಂದವು. ಕೊನೆಗೆ ಅವನು ಯಾರಿಗೂ ಹೇಳದೆ ಉಳಿಸಿಕೊಂಡದ್ದು ಒಂದೇ, ಪಾಳುಬಿದ್ದ ಪಂಪ್‌ಹೌಸಿನ ಹಿಂದಿನ ಜಾಗ. ಜೊಂಡಿನ ನಡುವೆ ಕಾಲುದಾರಿ, ಎರಡು ಚಪ್ಪಟೆ ಬಂಡೆ, ಅವುಗಳ ನಡುವೆ ಎದೆಮಟ್ಟದ ತಿಳಿನೀರು.

ಅದು ಅವನ ಅಕ್ಕನ ಜಾಗವಾಗಿತ್ತು.

ಅಕ್ಕ ಅದೇ ಹೋಟೆಲಿನ ಲಾಂಡ್ರಿಯಲ್ಲಿದ್ದಳು. ಅಮ್ಮ ಹೋದ ಮೇಲೆ ಅವನಿಗೆ ತಲೆ ಬಾಚಿ, ಬೈದು, ಓದಿಸಿ, ಈ ಕೌಂಟರಿನವರೆಗೆ ತಂದು ನಿಲ್ಲಿಸಿದವಳು ಅವಳೇ. ಐದು ವರ್ಷದ ಹಿಂದೆ ಲಾಂಡ್ರಿಯ ಹಬೆಯ ಪೈಪು ಸಿಡಿದು, ಕುತ್ತಿಗೆಯಿಂದ ಎಡಭುಜ, ಬೆನ್ನು ಎಲ್ಲ ಬೆಂದುಹೋಗಿತ್ತು. ಅಂದಿನಿಂದ ಬೇಸಿಗೆಯಲ್ಲೂ ಕತ್ತು ಮುಚ್ಚುವ ತುಂಬುತೋಳಿನ ಬಟ್ಟೆ. ಬಿಗಿದುಕೊಂಡ ಚರ್ಮ ತಣ್ಣೀರಿನಲ್ಲಿ ಮಾತ್ರ ಸಡಿಲವಾಗುತ್ತಿತ್ತು. ವಾರಕ್ಕೆರಡು ಮಧ್ಯಾಹ್ನ, ಕೆಲಸದ ನಡುವಿನ ಬಿಡುವಿನಲ್ಲಿ, ಅವಳು ಪಂಪ್‌ಹೌಸಿನ ಹಿಂದೆ ಹೋಗಿ ಗಲ್ಲದವರೆಗೆ ನೀರಿನಲ್ಲಿ ಮುಳುಗಿ ಕೂರುತ್ತಿದ್ದಳು.

"ಅಲ್ಲಿದ್ದಷ್ಟು ಹೊತ್ತು ನಾನು ಯಾರ ಕಣ್ಣಿಗೂ ಬೀಳಲ್ಲ ಕಣೋ," ಎಂದಿದ್ದಳು ಒಮ್ಮೆ. "ಅದೊಂದನ್ನ ನಿನ್ನ ಪಟ್ಟಿಗೆ ಸೇರಿಸ್ಬೇಡ."

"ನಿನ್ನಾಣೆ ಇಲ್ಲಕ್ಕಾ," ಎಂದಿದ್ದ ಅವನು.

ಆ ವರ್ಷದ ರಜೆಗೆ ದಂತವೈದ್ಯರೂ ಅವರ ಹೆಂಡತಿಯೂ ಬಂದರು. ಏಳು ವರ್ಷದಿಂದ ತಪ್ಪದೆ ಬರುವವರು, ಬರುವಾಗಲೆಲ್ಲ ಅವನಿಂದ ಒಂದು ಹೊಸ ಜಾಗ ಪಡೆಯುವವರು. ಈ ಸಲ ಸ್ನೇಹಿತರ ಇನ್ನೊಂದು ಜೋಡಿಯನ್ನೂ ಕರೆತಂದಿದ್ದರು.

"ಇವ್ರೇ ನೋಡ್ರಿ, ನಾನು ಹೇಳ್ತಿದ್ನಲ್ಲ," ಎಂದು ವೈದ್ಯರು ಸ್ನೇಹಿತರಿಗೆ ಅವನನ್ನು ತೋರಿಸಿದರು. "ಇವ್ರ ಹತ್ರ ಇರೋ ಜಾಗ ಯಾವ ಪುಸ್ತಕದಲ್ಲೂ ಇಲ್ಲ. ಏನಪ್ಪಾ, ಈ ಸಲ ಯಾವುದು?"

ಅವನು ಹುಣಸೆಮರ ಎಂದ. "ಹೋದ್ವರ್ಷದ್ದಲ್ವಾ ಅದು? ಈಗ ಸಂತೆ ಆಗಿದೆ," ಎಂದರು ಹೆಂಡತಿ. ದೋಣಿಕಟ್ಟೆ ಎಂದ. ಅವರು ನಕ್ಕರು. "ಅಂದ್ರೆ ನಿಮ್ಮ ಬತ್ತಳಿಕೆ ಖಾಲಿ ಆಯ್ತು ಅನ್ನಿ," ಎಂದರು ವೈದ್ಯರು. ತಮಾಷೆಗೆ ಅಂದದ್ದೇ. ಆದರೆ ಹೊಸಬರ ಎದುರು ಆ ಮಾತು ಅವನಿಗೆ ಚುಚ್ಚಿತು. ಪೆನ್ಸಿಲ್ಲು ತೆಗೆದ. ಇವತ್ತು ಬುಧವಾರ, ಅಕ್ಕನಿಗೆ ಸಂಜೆಯವರೆಗೆ ಬಿಡುವಿಲ್ಲ, ಒಂದೇ ಒಂದು ಸಲ, ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಪಂಪ್‌ಹೌಸನ್ನು ಬರೆದ, ಜೊಂಡನ್ನು ಬರೆದ, ಎರಡು ಬಂಡೆಗಳನ್ನು ಬರೆದ. "ಭೇಷ್!" ಎಂದು ವೈದ್ಯರು ಬೆನ್ನು ತಟ್ಟಿದರು. ಅವನಿಗೆ ಖುಷಿಯೂ ಆಯಿತು.

ಅಂದು ಮಧ್ಯಾಹ್ನ ಬಾಯ್ಲರ್ ಕೆಟ್ಟು ಲಾಂಡ್ರಿಯವರಿಗೆಲ್ಲ ಎರಡು ಗಂಟೆ ಬಿಡುವು ಸಿಕ್ಕಿದ್ದು ಅವನಿಗೆ ಗೊತ್ತಿರಲಿಲ್ಲ.

ನಾಲ್ಕೂವರೆಗೆ ನಾಲ್ವರೂ ವಾಪಸು ಬಂದರು. ವೈದ್ಯರ ಹೆಂಡತಿಯ ಮುಖ ಬಿಗಿದುಕೊಂಡಿತ್ತು.

"ಅಲ್ರೀ, ಅಲ್ಲಿ ಯಾವುದೋ ಹೆಂಗಸು ನೀರಲ್ಲಿದ್ಳು. ನಮ್ಮನ್ನ ನೋಡಿ ಗಡಬಡಿಸಿ ಎದ್ದು ಬಂದ್ಳು. ಮೈಯೆಲ್ಲಾ... ಅಯ್ಯೋ, ಹೇಗೆ ಹೇಳ್ಲಿ. ಇವ್ರಂತೂ ಕಿರುಚಿಬಿಟ್ರು," ಎಂದು ಗೆಳತಿಯನ್ನು ತೋರಿಸಿದರು. "ಏನು ಕಾಯಿಲೆಯೋ ಏನೋ. ಆ ನೀರಿಗೆ ಇಳಿಯೋದು ಹೇಗೆ? ಮೊದ್ಲೇ ಹೇಳ್ಬಾರ್ದಾಗಿತ್ತಾ?"

ಅದು ಅಕ್ಕನೇ ಎಂದು ಅವನಿಗೆ ತಕ್ಷಣ ಹೊಳೆಯಿತು. ಆದರೆ ಆ ಕೌಂಟರಿನ ಹಿಂದೆ ನಿಂತ ಒಂಬತ್ತು ವರ್ಷಗಳ ಅಭ್ಯಾಸ ಅವನಿಗಿಂತ ಮೊದಲೇ ಮಾತಾಡಿತು.

"ಸಾರಿ ಮೇಡಂ. ತಪ್ಪಾಯ್ತು. ಅಂಥವರು ಅಲ್ಲಿಗೆ ಬರ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ."

ಹೇಳಿ ಮುಗಿಸಿ ತಲೆಯೆತ್ತಿದರೆ, ಲಿಫ್ಟಿನ ಪಕ್ಕ ಟವೆಲ್ಲುಗಳ ಟ್ರಾಲಿ ಹಿಡಿದು ಅಕ್ಕ ನಿಂತಿದ್ದಳು. ಕೂದಲು ಇನ್ನೂ ಒದ್ದೆ. ಕುತ್ತಿಗೆಯ ಗುಂಡಿ ಅವಸರದಲ್ಲಿ ಹೆಚ್ಚುಕಡಿಮೆಯಾಗಿತ್ತು. ಅವರು ಅವಳನ್ನು ಗುರುತಿಸಲಿಲ್ಲ, ಬಟ್ಟೆ ಹಾಕಿಕೊಂಡವಳನ್ನು ಯಾರು ನೋಡುತ್ತಾರೆ. ಲಿಫ್ಟಿನ ಬಾಗಿಲು ತೆರೆಯಿತು, ಅವಳು ಟ್ರಾಲಿಯನ್ನು ಒಳಗೆ ತಳ್ಳಿಕೊಂಡು ಹೋದಳು. ನೆಲ ಬಾಯಿಬಿಡಬಾರದೇ ಎನ್ನಿಸಿತು ಅವನಿಗೆ.

ಸಂಜೆ ಮನೆಯಲ್ಲಿ ಅವಳು ಎಂದಿನಂತೆ ಊಟಕ್ಕೆ ಬಡಿಸಿದಳು. ಅವನು ತಟ್ಟೆ ಮುಟ್ಟದೆ ಕೂತ.

"ಅಕ್ಕಾ, ಬುಧವಾರ ನೀನು ಹೋಗಲ್ಲ ಅಂತ..."

"ತಣ್ಣಗಾಗುತ್ತೆ, ತಿನ್ನು."

"ಬೈದಾದ್ರೂ ಬಿಡಕ್ಕಾ."

ಅವಳು ಸೌಟು ಕೆಳಗಿಟ್ಟಳು. "ಜಾಗ ಹೇಳಿದ್ದಕ್ಕೆ ಸಿಟ್ಟಿಲ್ಲ ಕಣೋ. ನಿನ್ನ ಬಾಯಿ ನಂಗೊತ್ತಿಲ್ವಾ, ಸಣ್ಣೋನಿದ್ದಾಗಿಂದ ಅದರಲ್ಲಿ ಏನು ನಿಂತಿದೆ? ಆದ್ರೆ ನೀನು ಅವ್ರಿಗೆ ತಪ್ಪಾಯ್ತು ಅಂದ್ಯಲ್ಲ. ನಾನು ಅಲ್ಲಿದ್ದಿದ್ದಕ್ಕೆ." ಸೌಟನ್ನು ಮತ್ತೆ ಕೈಗೆತ್ತಿಕೊಂಡು, "ಅಂಥವರು ಅಂದೆ," ಎಂದಳು.



ಮರುದಿನ ಬೆಳಿಗ್ಗೆ ತಿಂಡಿಯ ಕೋಣೆಯಲ್ಲಿ ಆ ನಾಲ್ವರ ಮೇಜಿನ ಮುಂದೆ ಹೋಗಿ ನಿಂತ. "ನಿನ್ನೆ ನೀರಲ್ಲಿದ್ದವರು ನಮ್ಮಕ್ಕ. ಕಾಯಿಲೆ ಅಲ್ಲ. ಇದೇ ಹೋಟೆಲಿನ ಲಾಂಡ್ರಿಯಲ್ಲಿ ಸುಟ್ಟ ಗಾಯ. ಅದು ಅವಳ ಜಾಗ. ನಾನು ಕೊಡಬಾರದಾಗಿತ್ತು." ವೈದ್ಯರ ಹೆಂಡತಿ ಕಾಫಿಯ ಲೋಟ ಕೆಳಗಿಟ್ಟು, "ಅಯ್ಯೋ, ನಮಗೇನು ಗೊತ್ತು..." ಎಂದು ಕೆಂಪಾದರು. ವೈದ್ಯರು ಕರವಸ್ತ್ರ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಅವರಿಗೆ ನಾಚಿಕೆ ಹಂಚಿ ಬಂದರೆ ತನ್ನದು ಹಗುರಾದೀತು ಎಂದುಕೊಂಡಿದ್ದ. ಆಗಲಿಲ್ಲ.

ಅಕ್ಕ ಪಂಪ್‌ಹೌಸಿನ ಕಡೆ ಹೋಗುವುದನ್ನೇ ಬಿಟ್ಟಳು. ಹೋಗಿದ್ದರೂ ಪ್ರಯೋಜನವಿರಲಿಲ್ಲ. ಆ ಚೀಟಿ ಯಾರ ಕೈಯಿಂದ ಯಾರ ಕೈಗೆ ಹೋಯಿತೋ, ಎರಡೇ ವಾರದಲ್ಲಿ ಬಂಡೆಗಳ ಮೇಲೆ ಚಾಪೆಗಳು ಬಿದ್ದವು. ಅವನು ಬಿಡುವಿನ ದಿನವೆಲ್ಲ ದಂಡೆಗುಂಟ ಅಲೆದು, ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು, ಜೌಗಿನಾಚೆ ಒಂದು ಮೂಲೆ ಹುಡುಕಿದ. ಅವಳನ್ನು ಕರೆದೊಯ್ದು ತೋರಿಸಿದ. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಇಲ್ಲಿ ಎಮ್ಮೇನೂ ಇಳಿಯಲ್ಲ ಕಣೋ," ಎಂದು, ಎಷ್ಟೋ ದಿನದ ಮೇಲೆ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಸಾಕು ಬಿಡು, ನಿನ್ನ ಮೂಲೆಗಳು. ಬಾ ನನ್ನ ಜೊತೆ," ಎಂದಳು.

ಅವಳು ನೇರ ನಡೆದದ್ದು ಹೋಟೆಲಿನ ಎದುರಿನ ದೊಡ್ಡ ಮೆಟ್ಟಿಲುಗಳಿಗೆ. ಭಾನುವಾರದ ಮಧ್ಯಾಹ್ನ, ಜನವೋ ಜನ. ಮೇಲುಬಟ್ಟೆ ಬಿಚ್ಚಿ ಅವನ ಕೈಗಿತ್ತು, ಒಳಗಿನ ತೋಳಿಲ್ಲದ ಉಡುಪಿನಲ್ಲೇ ಒಂದೊಂದೇ ಮೆಟ್ಟಿಲಿಳಿದಳು. ಮಾತುಗಳು ನಿಂತವು. ಒಬ್ಬಾಕೆ ಮಗುವಿನ ಕಣ್ಣಿಗೆ ಕೈ ಅಡ್ಡ ಹಿಡಿದಳು. ಮುದುಕಿಯೊಬ್ಬಳು ಸುಮ್ಮನೆ ಪಕ್ಕಕ್ಕೆ ಸರಿದು ದಾರಿ ಕೊಟ್ಟಳು. ಅವನ ಕಣ್ಣು ತಾನಾಗಿಯೇ ಹೋಟೆಲಿನ ಮಹಡಿಯತ್ತ ಓಡಿತು, ಗೊತ್ತಿದ್ದವರು ಯಾರಾದರೂ ನೋಡುತ್ತಿದ್ದಾರೆಯೇ ಎಂದು. ತನ್ನ ಕಣ್ಣು ಎಲ್ಲಿಗೆ ಹೋಯಿತೆಂದು ತಿಳಿದಾಗ ಅವನ ಕಿವಿಗಳು ಸುಟ್ಟವು.

ಬಹಳ ಹೊತ್ತಿನ ಮೇಲೆ ಅಕ್ಕ ನೀರಿನಿಂದೆದ್ದು ಬಂದು ಅವನ ಕೆಳಗಿನ ಮೆಟ್ಟಿಲಿನಲ್ಲಿ ಕೂತಳು. ಚೀಲದಿಂದ ಮುಲಾಮಿನ ಡಬ್ಬಿ ತೆಗೆದು ಹಿಂದಕ್ಕೆ ಚಾಚಿದಳು.

"ಬೆನ್ನಿಗೆ ಹಚ್ಚು. ನಂಗೆ ಎಟುಕಲ್ಲ."

"ಇಷ್ಟು ದಿನ ಯಾರು ಹಚ್ತಿದ್ರು?"

"ಸೌಟಿಗೆ ಬಟ್ಟೆ ಸುತ್ಕೊಂಡು ನಾನೇ."

ಒಂದೇ ಮನೆಯಲ್ಲಿ ಐದು ವರ್ಷ. ಅವನು ಒಮ್ಮೆಯೂ ಕೇಳಿರಲಿಲ್ಲ, ಒಮ್ಮೆಯೂ ಆ ಬೆನ್ನನ್ನು ನೋಡಿರಲಿಲ್ಲ. ಮುಚ್ಚಳ ತೆಗೆದ. ಸುತ್ತಲಿನವರು ನೋಡುತ್ತಲೇ ಇದ್ದರು. ಅವನು ಬಗ್ಗಿ, ಭುಜದ ಬಳಿಯಿಂದ ಹಚ್ಚತೊಡಗಿದ.

"ಮೆಲ್ಲಗೆ," ಎಂದಳು ಅಕ್ಕ.